ಮಕ್ಕಳ ಜೊತೆ ಕ್ರಿಸ್‌ಮಸ್ ಕುಕೀ: ಆಕಾರ ಕೆಡದಂತೆ ಬೇಯಿಸಿ, ಐಸಿಂಗ್ ಒಣಗುವಂತೆ ಅಲಂಕರಿಸುವ ಕ್ರಮ

ಮಕ್ಕಳನ್ನು ಕೂರಿಸಿಕೊಂಡು ಮಾಡುವ ಕ್ರಿಸ್‌ಮಸ್ ಕುಕೀ ಹೆಚ್ಚಾಗಿ ಮೂರು ಬಗೆಯಲ್ಲಿ ಕೆಡುತ್ತದೆ. ನಕ್ಷತ್ರವಾಗಿ ಓವನ್ನಿಗೆ ಹೋದದ್ದು ದುಂಡಗಾಗಿ ಹೊರಬರುತ್ತದೆ. ಐಸಿಂಗ್ ಮರುದಿನವೂ ಕೈಗೆ ಅಂಟುತ್ತದೆ. ಇಲ್ಲವೇ ಅಲಂಕಾರದ ಹೊತ್ತಿಗೆ ಮಕ್ಕಳು ಸುಸ್ತಾಗಿ ಜಗಳ ಶುರುವಾಗಿರುತ್ತದೆ. ಮೂರರ ಬೇರೂ ಒಂದೇ ಕಡೆ ಇದೆ: ಕಲಸುವುದು, ಲಟ್ಟಿಸುವುದು, ಬೇಯಿಸುವುದು, ಬಣ್ಣ ಹಚ್ಚುವುದು ಎಲ್ಲವನ್ನೂ ಒಂದೇ ಮಧ್ಯಾಹ್ನಕ್ಕೆ ತುರುಕುತ್ತೇವೆ. ಹಿಟ್ಟು ತಣ್ಣಗಾಗಲು ಸಮಯ ಸಿಗುವುದಿಲ್ಲ, ಬೆಂದ ಕುಕೀ ಆರಲು ಸಮಯ ಸಿಗುವುದಿಲ್ಲ.

ಈ ಕೆಲಸವನ್ನು ಮೂರು ದಿನಕ್ಕೆ ಹಂಚಿ. ಮೊದಲ ದಿನ ಸಂಜೆ ದೊಡ್ಡವರು ಅರ್ಧ ಗಂಟೆ ಹಿಟ್ಟು ಮಾಡಿ ಫ್ರಿಜ್‌ನಲ್ಲಿಡಲಿ. ಎರಡನೆಯ ದಿನ ಮಕ್ಕಳು ಕತ್ತರಿಸಲಿ, ನೀವು ಬೇಯಿಸಿ. ಮೂರನೆಯ ದಿನ ಅಲಂಕಾರ ಮಾತ್ರ. ಹೀಗೆ ಮಾಡಿದರೆ ಮಕ್ಕಳು ಒಮ್ಮೆಗೆ ಮುಕ್ಕಾಲು ಗಂಟೆಗಿಂತ ಹೆಚ್ಚು ಕೂರಬೇಕಿಲ್ಲ. ಸಣ್ಣ ಮಕ್ಕಳ ತಾಳ್ಮೆಯೂ ಅಷ್ಟೇ.

ಕೆಳಗಿನ ಅಳತೆ ಮೊಟ್ಟೆಯಿಲ್ಲದ ಕುಕೀಯದು. 6 ಸೆಂಟಿಮೀಟರ್ ಅಗಲದ ಕಟರ್‌ನಲ್ಲಿ ಸುಮಾರು 25 ಆಗುತ್ತವೆ. ನಾಲ್ಕು ಮಕ್ಕಳಿಗೆ ಇದು ಸಾಕು. ಇಮ್ಮಡಿ ಮಾಡುವ ಆಸೆ ಬಿಡಿ. ಕೊನೆಯ ಹತ್ತು ಕುಕೀಗಳನ್ನು ಅಲಂಕರಿಸಲು ಯಾರೂ ಉಳಿದಿರುವುದಿಲ್ಲ.

## 1. ಮೊದಲು ಕೂಡಿಸಿಕೊಳ್ಳಬೇಕಾದದ್ದು

ಹಿಟ್ಟಿಗೆ: ಮೈದಾ 250 ಗ್ರಾಂ, ಕಾರ್ನ್‌ಫ್ಲೋರ್ 25 ಗ್ರಾಂ, ಉಪ್ಪಿಲ್ಲದ ಬೆಣ್ಣೆ 150 ಗ್ರಾಂ, ಪುಡಿ ಸಕ್ಕರೆ 100 ಗ್ರಾಂ, ತಣ್ಣನೆಯ ಹಾಲು 20ರಿಂದ 30 ಮಿಲಿ, ವೆನಿಲಾ ಎಸೆನ್ಸ್ 1 ಟೀ ಚಮಚ, ಉಪ್ಪು ಕಾಲು ಟೀ ಚಮಚ. ಅಂಗಡಿಯಲ್ಲಿ ಉಪ್ಪಿನ ಬೆಣ್ಣೆಯೇ ಸಿಕ್ಕಿದರೆ ಅದನ್ನೇ ಬಳಸಿ, ಬೇರೆ ಉಪ್ಪು ಹಾಕಬೇಡಿ. ಬೇಕಿಂಗ್ ಪೌಡರ್ ಬೇಡ. ಅದು ಉಬ್ಬಿಸುತ್ತದೆ, ಉಬ್ಬಿದ ಕುಕೀಯ ಅಂಚು ಮಸುಕಾಗುತ್ತದೆ.

ಸಾಧ್ಯವಾದರೆ ತೂಕದ ಯಂತ್ರದಲ್ಲೇ ಅಳೆಯಿರಿ. ಒಂದು ಕಪ್ ಮೈದಾ ಎಂದರೆ ಒಬ್ಬರ ಕೈಯಲ್ಲಿ 120 ಗ್ರಾಂ, ಅದುಮಿ ತುಂಬುವವರ ಕೈಯಲ್ಲಿ 150 ಗ್ರಾಂ. ಎರಡು ಕಪ್‌ಗೆ 60 ಗ್ರಾಂ ಹೆಚ್ಚಾದರೆ ಹಿಟ್ಟು ಒಣಗಿ ಬಿರುಕು ಬಿಡುತ್ತದೆ.

ಸಲಕರಣೆ: ಲಟ್ಟಣಿಗೆ, 5 ಮಿಲಿಮೀಟರ್ ದಪ್ಪದ ಎರಡು ಮರದ ಪಟ್ಟಿ, ಮೂರ್ನಾಲ್ಕು ಕಟರ್, ಬೇಕಿಂಗ್ ಪೇಪರ್, ತಿಳಿ ಬಣ್ಣದ ಅಲ್ಯೂಮಿನಿಯಂ ಟ್ರೇ ಎರಡು, ಕುಕೀ ಆರಿಸಲು ತಂತಿ ಜಾಲರಿ. ಕಟರ್ ಕೊಳ್ಳುವಾಗ ದಪ್ಪನೆಯ ಆಕಾರ ಆರಿಸಿ: ನಕ್ಷತ್ರ, ಕ್ರಿಸ್‌ಮಸ್ ಮರ, ಗಂಟೆ, ಹೃದಯ. ಸಪೂರ ಕೊಂಬಿನ ಜಿಂಕೆ ಅಂಗಡಿಯಲ್ಲಿ ಚೆಂದ ಕಾಣುತ್ತದೆ. ಆದರೆ ಮಗುವಿನ ಕೈಯಲ್ಲಿ ಕೊಂಬು ಮುರಿಯುತ್ತದೆ, ಓವನ್ನಿನಲ್ಲಿ ಕಾಲು ಮೊದಲೇ ಸೀಯುತ್ತದೆ.

ಕಾಗದದ ಬಗ್ಗೆ ಒಂದು ಎಚ್ಚರಿಕೆ. ಬಟರ್ ಪೇಪರ್ ಎಂದು ಮಾರುವುದೆಲ್ಲ ಓವನ್ನಿಗೆ ಆಗುವುದಿಲ್ಲ. ಮೇಣ ಸವರಿದ ಕಾಗದ ಬಿಸಿಗೆ ಹೊಗೆಯಾಡುತ್ತದೆ, ಕುಕೀಗೂ ಅಂಟುತ್ತದೆ. ಪೊಟ್ಟಣದ ಮೇಲೆ ಓವನ್ ಬಳಕೆಗೆ ಎಂದೂ ಎಷ್ಟು ಡಿಗ್ರಿವರೆಗೆ ಎಂದೂ ಬರೆದಿರಬೇಕು. ಬರೆದಿಲ್ಲದಿದ್ದರೆ ಲಟ್ಟಿಸಲು ಮಾತ್ರ ಬಳಸಿ.

## 2. ಯಾವ ವಯಸ್ಸಿಗೆ ಯಾವ ಕೆಲಸ

ಎಲ್ಲ ಮಕ್ಕಳಿಗೂ ಎಲ್ಲ ಕೆಲಸ ಕೊಟ್ಟರೆ ದೊಡ್ಡವು ಬೇಸರಪಡುತ್ತವೆ, ಸಣ್ಣವು ಸೋಲುತ್ತವೆ. 2-3 ವರ್ಷದವರಿಗೆ ಹಸಿ ಐಸಿಂಗ್ ಮೇಲೆ ಬಣ್ಣದ ಸಕ್ಕರೆ ಉದುರಿಸುವ ಕೆಲಸ ಕೊಡಿ. 4-5 ವರ್ಷದವರು ಕಟರ್ ಒತ್ತಬಲ್ಲರು. 6ರಿಂದ 8ರವರು ಬಾಟಲಿಯಿಂದ ಐಸಿಂಗ್ ತುಂಬಬಲ್ಲರು. 9 ದಾಟಿದವರು ಲಟ್ಟಿಸುವುದನ್ನೂ ಕೋನ್ ಹಿಡಿದು ಗೆರೆ ಎಳೆಯುವುದನ್ನೂ ಮಾಡಬಲ್ಲರು.

ಓವನ್ ಮಾತ್ರ ಯಾವ ವಯಸ್ಸಿನ ಮಗುವಿಗೂ ಬೇಡ. ಓಟಿಜಿಯ (ಕಟ್ಟೆಯ ಮೇಲಿಡುವ ಸಣ್ಣ ವಿದ್ಯುತ್ ಓವನ್) ಗಾಜಿನ ಬಾಗಿಲಷ್ಟೇ ಅಲ್ಲ, ಮೇಲ್ಭಾಗ, ಪಕ್ಕದ ತಗಡು ಎಲ್ಲವೂ ಸುಡುತ್ತವೆ. ಆರಿಸಿದ ಮೇಲೂ ಅರ್ಧ ಗಂಟೆ ಬಿಸಿ ಇಳಿಯುವುದಿಲ್ಲ. ಓವನ್ನಿನ ಮುಂದೆ ಒಂದು ಮೀಟರ್ ದೂರದಲ್ಲಿ ನೆಲಕ್ಕೆ ಬಣ್ಣದ ಟೇಪ್ ಅಂಟಿಸಿ, ಅದನ್ನು ದಾಟಬಾರದು ಎಂದು ಮೊದಲೇ ಹೇಳಿ. ಮಾತಿಗಿಂತ ಕಣ್ಣಿಗೆ ಕಾಣುವ ಗೆರೆ ಮಕ್ಕಳಿಗೆ ಬೇಗ ನೆನಪಿರುತ್ತದೆ.

ಮಕ್ಕಳನ್ನು ಸ್ಟೂಲ್ ಮೇಲೆ ನಿಲ್ಲಿಸಿ ಕಟ್ಟೆಯ ಮೇಲೆ ಕೆಲಸ ಮಾಡಿಸಬೇಡಿ. ನೆಲದ ಮೇಲೆ ಚಾಪೆ, ಅದರ ಮೇಲೆ ಹಳೆಯ ಬೆಡ್‌ಶೀಟ್, ನಡುವೆ ಒಂದು ದೊಡ್ಡ ತಟ್ಟೆ ಇದ್ದರೆ ಸಾಕು. ಬೀಳುವ ಭಯವಿಲ್ಲ, ಎಲ್ಲರಿಗೂ ಕೈ ಎಟುಕುತ್ತದೆ, ಕೊನೆಗೆ ಬೆಡ್‌ಶೀಟ್ ಒದರಿದರೆ ಮುಗಿಯಿತು.

## 3. ಮೊದಲ ದಿನ: ಹಿಟ್ಟು

ಬೆಣ್ಣೆಯನ್ನು ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಆದರೆ ಬೆರಳಿಗೆ ಜಿಡ್ಡು ಹತ್ತಬಾರದು. ಮಡಿಕೇರಿಯ ಡಿಸೆಂಬರ್ ಚಳಿಯಲ್ಲಿ ಇದಕ್ಕೆ ಗಂಟೆಗಿಂತ ಹೆಚ್ಚು ಬೇಕಾಗಬಹುದು, ಮಂಗಳೂರಿನ ಸೆಕೆಯಲ್ಲಿ ಕಾಲು ಗಂಟೆಯೂ ಜಾಸ್ತಿ. ಆದ್ದರಿಂದ ಗಡಿಯಾರ ನೋಡಬೇಡಿ, ಬೆರಳಿನಿಂದ ಒತ್ತಿ ನೋಡಿ. ಬೆಣ್ಣೆ ಕರಗಿ ಎಣ್ಣೆಯಾಗಿದ್ದರೆ ಮತ್ತೆ ಗಟ್ಟಿ ಮಾಡಿ ಬಳಸಿದರೂ ಮೊದಲಿನ ಹದ ಬರುವುದಿಲ್ಲ. ಅದನ್ನು ತುಪ್ಪ ಕಾಯಿಸಲು ಇಟ್ಟು ಬೇರೆ ಬೆಣ್ಣೆ ತೆಗೆದುಕೊಳ್ಳಿ.

ಬೆಣ್ಣೆ ಮತ್ತು ಪುಡಿ ಸಕ್ಕರೆಯನ್ನು ಮರದ ಚಮಚದಿಂದ ಒಂದೆರಡು ನಿಮಿಷ ಬೆರೆಸಿ. ನಯವಾದರೆ ನಿಲ್ಲಿಸಿ. ಕೇಕಿಗೆ ಮಾಡುವಂತೆ ಬೀಟರ್ ಹಾಕಿ ಬೆಳ್ಳಗೆ ಉಬ್ಬುವವರೆಗೆ ಹೊಡೆಯಬೇಡಿ. ಒಳಗೆ ಸೇರಿದ ಗಾಳಿ ಓವನ್ನಿನಲ್ಲಿ ಹಿಗ್ಗಿ ಕುಕೀಯನ್ನು ಉಬ್ಬಿಸಿ ಹರಡುತ್ತದೆ. ಸಕ್ಕರೆಯೂ ಪುಡಿಯೇ ಆಗಿರಬೇಕು, ಏಕೆಂದರೆ ಹರಳು ಸಕ್ಕರೆ ಬೇಯುವಾಗ ಕರಗಿ ಹಿಟ್ಟನ್ನು ಹರಿಸುತ್ತದೆ.

ವೆನಿಲಾ ಸೇರಿಸಿ. ಮೈದಾ, ಕಾರ್ನ್‌ಫ್ಲೋರ್, ಉಪ್ಪನ್ನು ಒಟ್ಟಿಗೆ ಜರಡಿ ಹಿಡಿದು ಹಾಕಿ ಬೆರಳ ತುದಿಯಿಂದ ಬೆರೆಸಿ. ಮೊದಲು ರವೆರವೆಯಾಗಿ ಕಾಣುತ್ತದೆ. ಈಗ ಹಾಲನ್ನು ಒಂದೊಂದೇ ಚಮಚ ಹಾಕಿ. ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಂತಿತೆಂದರೆ ಹಾಲು ಸಾಕು. ಉಳಿದರೆ ಉಳಿಯಲಿ.

ಇದನ್ನು ಚಪಾತಿ ಹಿಟ್ಟಿನಂತೆ ನಾದಬಾರದು. ನಾದಿದಷ್ಟೂ ಮೈದಾದ ಗ್ಲುಟೆನ್ (ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್) ಬಿಗಿಯಾಗುತ್ತದೆ, ಕುಕೀ ಗಟ್ಟಿಯಾಗುತ್ತದೆ, ಬೇಯುವಾಗ ಕುಗ್ಗಿ ಸೊಟ್ಟಗಾಗುತ್ತದೆ. ಮಕ್ಕಳಿಗೆ ಹಿಟ್ಟು ಕೊಟ್ಟರೆ ನಾದಿಯೇ ನಾದುತ್ತಾರೆ. ಈ ಹಂತವನ್ನು ದೊಡ್ಡವರೇ ಮುಗಿಸಿ ಎನ್ನುವುದು ಅದಕ್ಕೇ. ಆಡಲೇಬೇಕೆಂದು ಹಟ ಹಿಡಿದವರಿಗೆ ನಿಂಬೆ ಗಾತ್ರದ ಉಂಡೆ ಬೇರೆ ಕೊಡಿ, ಅದನ್ನು ತಿನ್ನದಂತೆ ನೋಡಿಕೊಳ್ಳಿ. ಮೊಟ್ಟೆ ಇಲ್ಲದಿದ್ದರೂ ಹಸಿ ಮೈದಾದಲ್ಲಿ ಹೊಟ್ಟೆ ಕೆಡಿಸುವ ರೋಗಾಣು ಇರಬಹುದು, ಬೇಯಿಸಿದಾಗಲೇ ಅವು ಸಾಯುವುದು.

## 4. ಲಟ್ಟಿಸಿ ತಣ್ಣಗಾಗಿಸಿ, ತಣ್ಣಗಾಗಿಸಿ ಲಟ್ಟಿಸಬೇಡಿ

ಹೆಚ್ಚಿನವರು ತಪ್ಪುವುದು ಇಲ್ಲೇ. ಹಿಟ್ಟಿನ ಉಂಡೆಯನ್ನು ಫ್ರಿಜ್‌ನಲ್ಲಿಟ್ಟರೆ ಅದು ಕಲ್ಲಾಗುತ್ತದೆ. ಲಟ್ಟಿಸಲು ಮೆತ್ತಗಾಗುವವರೆಗೆ ಕಾದರೆ ತಣ್ಣಗಾಗಿಸಿದ ಲಾಭವೇ ಹೋಯಿತು. ಹಿಟ್ಟು ಮೆತ್ತಗಿರುವಾಗಲೇ, ಅಂದರೆ ಮೊದಲ ದಿನವೇ ಲಟ್ಟಿಸಿಬಿಡಿ.

ಹಿಟ್ಟನ್ನು ಎರಡು ಭಾಗ ಮಾಡಿ. ಒಂದು ಭಾಗವನ್ನು ಎರಡು ಕಾಗದದ ನಡುವೆ ಇಟ್ಟು, ಆಚೀಚೆ ಮರದ ಪಟ್ಟಿ ಇಟ್ಟು, ಲಟ್ಟಣಿಗೆ ಪಟ್ಟಿಗಳ ಮೇಲೆ ಉರುಳುವವರೆಗೆ ಲಟ್ಟಿಸಿ. ಎಲ್ಲ ಕಡೆ 5 ಮಿಲಿಮೀಟರ್ ದಪ್ಪ ಬರುತ್ತದೆ. ಒಂದೇ ಟ್ರೇಯಲ್ಲಿ ಒಂದು ಕುಕೀ ಕಪ್ಪಾಗಿ ಇನ್ನೊಂದು ಹಸಿಯಾಗಿರುತ್ತದಲ್ಲ, ಅದಕ್ಕೆ ಬಹುಪಾಲು ಕಾರಣ ದಪ್ಪದ ಏರುಪೇರು. ಕಾಗದದ ನಡುವೆ ಲಟ್ಟಿಸಿದರೆ ಒಣ ಮೈದಾ ಉದುರಿಸುವ ಅಗತ್ಯವೂ ಇಲ್ಲ. ಇನ್ನೊಂದು ಭಾಗವನ್ನೂ ಹೀಗೇ ಲಟ್ಟಿಸಿ, ಹಿಟ್ಟಿನ ಎರಡೂ ಹಾಳೆಗಳನ್ನು ಕಾಗದದ ಸಮೇತ ತಟ್ಟೆಯಲ್ಲಿ ಒಂದರ ಮೇಲೊಂದಿಟ್ಟು ಪ್ಲಾಸ್ಟಿಕ್‌ನಿಂದ ಮುಚ್ಚಿ ಫ್ರಿಜ್‌ನಲ್ಲಿಡಿ. ಕನಿಷ್ಠ ಎರಡು ಗಂಟೆ ಬೇಕು, ರಾತ್ರಿಯಿಡೀ ಇದ್ದರೆ ಇನ್ನೂ ಒಳ್ಳೆಯದು. ಮೂರು ದಿನ ಕೆಡದೆ ಇರುತ್ತದೆ.

ಪಕ್ಕದಲ್ಲಿ ಒಗ್ಗರಣೆಯ ಸಾರು, ಕತ್ತರಿಸಿದ ಈರುಳ್ಳಿ ಇದ್ದರೆ ತೆಗೆಯಿರಿ. ಬೆಣ್ಣೆ ಅಕ್ಕಪಕ್ಕದ ವಾಸನೆಯನ್ನು ಬಲು ಬೇಗ ಹೀರುತ್ತದೆ.

## 5. ಎರಡನೆಯ ದಿನ: ಕತ್ತರಿಸುವುದು

ಮಕ್ಕಳನ್ನು ಕೂರಿಸುವ ಮೊದಲು ಓವನ್ ಹಚ್ಚಿ. ಓಟಿಜಿಯಲ್ಲಿ ಮೇಲಿನ ಕೆಳಗಿನ ಎರಡೂ ಕಂಬಿ ಉರಿಯಲಿ, 170 ಡಿಗ್ರಿಗೆ 15 ನಿಮಿಷ ಕಾಯಲಿ. ಫ್ಯಾನ್ ಇರುವ ಓವನ್ನಾದರೆ 155ರಿಂದ 160 ಸಾಕು. ಮೈಕ್ರೋವೇವ್ ಆಗಿದ್ದರೆ ಕನ್ವೆಕ್ಷನ್ ಮೋಡ್‌ನಲ್ಲಿ ಮಾತ್ರ ಇದು ಸಾಧ್ಯ. ಬರೀ ಮೈಕ್ರೋವೇವ್ ಕುಕೀಯನ್ನು ಬೇಯಿಸುವುದಿಲ್ಲ, ಒಣಗಿಸುತ್ತದೆ.

ಒಂದು ಸಲಕ್ಕೆ ಒಂದೇ ಹಾಳೆ ಹೊರಗೆ ತೆಗೆಯಿರಿ, ಇನ್ನೊಂದು ಫ್ರಿಜ್‌ನಲ್ಲೇ ಇರಲಿ. ಮೇಲಿನ ಕಾಗದ ಬಿಡಿಸಿ, ಮತ್ತೆ ಸಡಿಲವಾಗಿ ಮುಚ್ಚಿ, ಹಾಳೆಯನ್ನು ಮಗುಚಿ ಇನ್ನೊಂದು ಬದಿಯ ಕಾಗದವನ್ನೂ ಬಿಡಿಸಿ. ಹೀಗೆ ಮಾಡಿದರೆ ಕತ್ತರಿಸಿದ ಕುಕೀ ತಳಕ್ಕೆ ಅಂಟಿಕೊಳ್ಳುವುದಿಲ್ಲ. ಒತ್ತಿದ ತಕ್ಷಣ ಬಿರುಕು ಬಿಟ್ಟರೆ ಹಿಟ್ಟು ಅತಿ ತಣ್ಣಗಿದೆ ಎಂದರ್ಥ, ಐದು ನಿಮಿಷ ಬಿಡಿ.

ಕಟರ್ ಅನ್ನು ನೇರ ಕೆಳಗೆ ಒತ್ತಿ ನೇರ ಮೇಲೆತ್ತಲು ಕಲಿಸಿ. ಮಕ್ಕಳು ಅದನ್ನು ತಿರುಗಿಸುತ್ತಾರೆ, ಆಗ ಅಂಚು ಹರಿಯುತ್ತದೆ. ಅವರ ಇನ್ನೊಂದು ಕೆಟ್ಟ ಅಭ್ಯಾಸ, ಮೊದಲ ಕುಕೀಯನ್ನು ಹಾಳೆಯ ಸರಿಯಾಗಿ ನಡುವೆ ಕತ್ತರಿಸುವುದು. ಅಂಚಿನಿಂದ ಶುರು ಮಾಡಿ ಒತ್ತೊತ್ತಾಗಿ ಹೋದರೆ ಉಳಿಕೆ ಹಿಟ್ಟು ಕಡಿಮೆ. ಉಳಿಕೆಯನ್ನು ಒಮ್ಮೆ ಮಾತ್ರ ಕೂಡಿಸಿ ಲಟ್ಟಿಸಿ ಮತ್ತೆ ಅರ್ಧ ಗಂಟೆ ತಣ್ಣಗಿಡಿ. ಎರಡನೆಯ ಉಳಿಕೆಯನ್ನು ಸಣ್ಣ ಗೋಲಿಗಳಾಗಿ ಮಾಡಿ ಚಪ್ಪಟೆ ಒತ್ತಿ ಬೇಯಿಸಿ. ಬೆಂದ ಮೇಲೆ ತಿನ್ನಲು ಕಾಯುತ್ತಿರುವ ಕೈಗಳಿಗೆ ಅವೇ ಸಾಕು, ಅಲಂಕಾರದ ಕುಕೀಗಳೂ ಉಳಿಯುತ್ತವೆ.

ಮರಕ್ಕೆ ತೂಗುಹಾಕುವ ಕುಕೀಗೆ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಸ್ಟ್ರಾದಿಂದ ತೂತು ಮಾಡಿ. ಬೇಯುವಾಗ ಅದು ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಹೊರತೆಗೆದ ಕೂಡಲೇ, ಇನ್ನೂ ಮೆತ್ತಗಿರುವಾಗ, ಚಾಪ್‌ಸ್ಟಿಕ್ ಅಥವಾ ಚಮಚದ ಹಿಡಿಯಿಂದ ನೀವೇ ಮತ್ತೆ ಬಿಡಿಸಿ.

ಕತ್ತರಿಸಿದ್ದನ್ನು ಎರಡು ಸೆಂಟಿಮೀಟರ್ ಅಂತರದಲ್ಲಿ ಟ್ರೇಯಲ್ಲಿ ಜೋಡಿಸಿ, ಟ್ರೇ ಸಮೇತ 15 ನಿಮಿಷ ಫ್ರಿಜ್‌ನಲ್ಲಿಡಿ. ಮಕ್ಕಳ ಬೆಚ್ಚನೆಯ ಕೈ ತಗುಲಿ ಬೆಣ್ಣೆ ಮೆತ್ತಗಾಗಿರುತ್ತದೆ. ಈ 15 ನಿಮಿಷ ಬಿಟ್ಟವರ ನಕ್ಷತ್ರದ ಮೂಲೆಗಳು ಉಳಿಯುವುದಿಲ್ಲ.

## 6. ಬೇಯಿಸುವುದು

ಟ್ರೇ ನಡುವಿನ ಅಂತಸ್ತಿನಲ್ಲಿರಲಿ. ಒಂದು ಸಲಕ್ಕೆ ಒಂದೇ ಟ್ರೇ. ಸಣ್ಣ ಓವನ್ನುಗಳ ಗುಂಡಿ ತೋರಿಸುವ ಉಷ್ಣತೆಗೂ ಒಳಗಿನ ಉಷ್ಣತೆಗೂ 10-20 ಡಿಗ್ರಿ ವ್ಯತ್ಯಾಸ ಸಾಮಾನ್ಯ, ಹಾಗಾಗಿ ಮೊದಲು ಎರಡೇ ಕುಕೀ ಬೇಯಿಸಿ ನೋಡಿ. ಏಳನೆಯ ನಿಮಿಷದಲ್ಲಿ ಟ್ರೇಯ ಹಿಂದು ಮುಂದು ತಿರುಗಿಸಿ. ಒಟ್ಟು 10ರಿಂದ 13 ನಿಮಿಷ ಹಿಡಿಯುತ್ತದೆ.

ಆಗಿದೆ ಎನ್ನುವ ಗುರುತು: ಅಂಚಿನಲ್ಲಿ ತೆಳುವಾದ ಹೊಂಬಣ್ಣದ ಗೆರೆ, ನಡುವೆ ಬಿಳುಪು, ಮೇಲ್ಮೈಯಲ್ಲಿ ಬೆಣ್ಣೆಯ ಹೊಳಪು ಹೋಗಿ ಮಂಕಾಗಿರುವುದು. ಒತ್ತಿದರೆ ಇನ್ನೂ ಮೆತ್ತಗಿರುತ್ತದೆ, ಅದು ಸರಿ. ಗಟ್ಟಿಯಾಗಲೆಂದು ಇನ್ನೂ ಐದು ನಿಮಿಷ ಬಿಟ್ಟರೆ ತಣ್ಣಗಾದ ಮೇಲೆ ಮಕ್ಕಳ ಹಲ್ಲಿಗೆ ಬಗ್ಗುವುದಿಲ್ಲ. ಹೊರತೆಗೆದು ಟ್ರೇಯಲ್ಲೇ ಐದು ನಿಮಿಷ ಬಿಟ್ಟು ಆಮೇಲೆ ಜಾಲರಿಗೆ ಹಾಕಿ.

ತಳ ಮಾತ್ರ ಕಪ್ಪಾಗುತ್ತಿದ್ದರೆ ಟ್ರೇ ಗಾಢ ಬಣ್ಣದ್ದಿರಬಹುದು, ಅಥವಾ ಕೆಳಗಿನ ಕಂಬಿಗೆ ಹತ್ತಿರವಾಯಿತು. ಕುಕೀಯ ಟ್ರೇಯ ಕೆಳಗೆ ತಾಗುವಂತೆ ಇನ್ನೊಂದು ಖಾಲಿ ಟ್ರೇ ಇಟ್ಟು ಬೇಯಿಸಿ. ಎಲ್ಲವೂ ಹರಡಿದರೆ ಹಿಟ್ಟು ಬೆಚ್ಚಗಿತ್ತು, ಅಥವಾ ಓವನ್ ಕಾಯುವ ಮೊದಲೇ ಇಟ್ಟಿರಿ. ಮೊದಲ ಟ್ರೇ ಚೆನ್ನಾಗಿ ಬಂದು ಎರಡನೆಯದು ಹರಡಿದರೆ ಬಿಸಿ ಟ್ರೇಯ ಮೇಲೆಯೇ ಹಸಿ ಕುಕೀ ಜೋಡಿಸಿದ್ದೀರಿ. ಮುಟ್ಟುವಷ್ಟು ಆರಿದ ಮೇಲೆ ಟ್ರೇಯನ್ನು ನಲ್ಲಿಯ ಕೆಳಗೆ ತಣ್ಣಗೆ ಮಾಡಿ ಒರೆಸಿ ಬಳಸಿ.

ಪೂರ್ತಿ ತಣ್ಣಗಾದ ಕುಕೀಗಳನ್ನು ಗಾಳಿಯಾಡದ ಡಬ್ಬಿಗೆ ಹಾಕಿ ಮುಚ್ಚಿ. ಆ ದಿನದ ಕೆಲಸ ಮುಗಿಯಿತು. ಬೆಚ್ಚಗಿರುವಾಗ ಐಸಿಂಗ್ ಹಾಕಿದರೆ ಅದು ಕರಗಿ ಅಂಚಿನಿಂದ ಇಳಿಯುತ್ತದೆ.

## 7. ಮೂರನೆಯ ದಿನ: ಐಸಿಂಗ್

ಹಸಿ ಮೊಟ್ಟೆಯ ಬಿಳಿಯಿಂದ ಮಾಡುವ ಐಸಿಂಗ್ ಮಕ್ಕಳಿಗೆ ಬೇಡ, ಅದನ್ನು ಬೇಯಿಸುವುದೇ ಇಲ್ಲವಾದ್ದರಿಂದ ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ಅಪಾಯ ಉಳಿಯುತ್ತದೆ. ಉಳಿದ ದಾರಿ ಎರಡು.

ಮೊದಲನೆಯದು ನಿಂಬೆ ಐಸಿಂಗ್. ಐಸಿಂಗ್ ಸಕ್ಕರೆ 250 ಗ್ರಾಂ, ನಿಂಬೆರಸ 1 ಟೀ ಚಮಚ, ಲಿಕ್ವಿಡ್ ಗ್ಲೂಕೋಸ್ 2 ಟೀ ಚಮಚ, ನೀರು 30 ಮಿಲಿಯಿಂದ ಶುರು. ಆಮೇಲೆ ಅರ್ಧರ್ಧ ಚಮಚದಂತೆ ನೀರು ಏರಿಸಿ. ಇದು ಮೊಟ್ಟೆಯಿಲ್ಲದ್ದು. ಮೇಲೆ ಗಟ್ಟಿಯಾದರೂ ಒಳಗೆ ಕೊಂಚ ಮೆತ್ತಗಿರುತ್ತದೆ, ಒಣಗಲು ಇಡೀ ದಿನ ಬೇಕು.

ಎರಡನೆಯದು ಮೆರಿಂಗ್ ಪೌಡರ್‌ನದು. ಐಸಿಂಗ್ ಸಕ್ಕರೆ 225 ಗ್ರಾಂ, ಮೆರಿಂಗ್ ಪೌಡರ್ 15 ಗ್ರಾಂ, ಉಗುರುಬೆಚ್ಚಗಿನ ನೀರು 40 ಮಿಲಿ. ಬೀಟರ್‌ನಿಂದ ಸಣ್ಣ ವೇಗದಲ್ಲಿ ಐದಾರು ನಿಮಿಷ ಹೊಡೆದರೆ ದಪ್ಪಗಾಗುತ್ತದೆ. ಗಟ್ಟಿಯಾಗಿ ಒಣಗುತ್ತದೆ, ಗೆರೆಗಳು ನಿಲ್ಲುತ್ತವೆ. ಆದರೆ ಆ ಪೌಡರ್ ಮಾಡುವುದೇ ಒಣಗಿಸಿದ ಮೊಟ್ಟೆಯ ಬಿಳಿಯಿಂದ. ಮೊಟ್ಟೆ ತಿನ್ನದ ಮನೆಯ ಮಕ್ಕಳು ಬರುವುದಿದ್ದರೆ ನಿಂಬೆಯದನ್ನೇ ಮಾಡಿ. ಮೇಲೆ ಉದುರಿಸುವ ಮಣಿ, ಮಾರ್ಷ್‌ಮ್ಯಾಲೋಗಳ ಪೊಟ್ಟಣದಲ್ಲೂ ಹಸಿರು ಚುಕ್ಕಿ ಇದೆಯೇ ನೋಡಿ, ಪ್ರಾಣಿಗಳಿಂದ ತೆಗೆದ ಜೆಲಟಿನ್ ಹಾಕಿದವೂ ಮಾರುಕಟ್ಟೆಯಲ್ಲಿವೆ.

ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆ ಹಿಟ್ಟಿಗೆ ಸರಿ, ಐಸಿಂಗಿಗೆ ಸಾಲದು. ಕಾಳುಕಾಳಾಗಿ ಉಳಿದು ಕೋನಿನ ತುದಿ ಕಟ್ಟಿಕೊಳ್ಳುತ್ತದೆ. ಅಂಗಡಿಯ ಐಸಿಂಗ್ ಸಕ್ಕರೆಯನ್ನೂ ಸಣ್ಣ ಜರಡಿಯಲ್ಲಿ ಒಮ್ಮೆ ಸೋಸಿ.

ಹದ ನೋಡುವುದು ಹೀಗೆ: ಬಟ್ಟಲಿನ ಐಸಿಂಗ್ ನಡುವೆ ಚಾಕುವಿನಿಂದ ಗೆರೆ ಎಳೆಯಿರಿ. 15ರಿಂದ 20 ಸೆಕೆಂಡಿನಲ್ಲಿ ಗೆರೆ ಮುಚ್ಚಿಕೊಂಡರೆ ಮಕ್ಕಳಿಗೆ ಸರಿಯಾದ ಹದ. ಅಂಚಿನ ಗೆರೆಗೂ ಒಳಗೆ ತುಂಬಲೂ ಇದೊಂದೇ ಸಾಕು. ಎರಡು ಹದ ಇಟ್ಟುಕೊಳ್ಳುವುದು ದೊಡ್ಡವರ ಅಲಂಕಾರಕ್ಕೆ. ಹತ್ತು ಸೆಕೆಂಡಿಗೂ ಮೊದಲೇ ಮುಚ್ಚಿದರೆ ನೀರು ಹೆಚ್ಚಾಯಿತು, ಸಕ್ಕರೆ ಸೇರಿಸಿ.

ಬಣ್ಣ ಜೆಲ್ ರೂಪದ್ದೇ ಇರಲಿ. ನೀರಿನಂಥ ಬಣ್ಣ ಹದವನ್ನು ಕೆಡಿಸುತ್ತದೆ. ಟೂತ್‌ಪಿಕ್ ತುದಿಯಷ್ಟು ಹಾಕಿ ಕಲಸಿ ಅರ್ಧ ಗಂಟೆ ಬಿಡಿ, ಬಣ್ಣ ತಾನಾಗಿ ಗಾಢವಾಗುತ್ತದೆ. ಕೆಂಪಿಗೆ ಆತುರಪಟ್ಟು ಹೆಚ್ಚು ಹಾಕಿದರೆ ಕಹಿಯಾಗುತ್ತದೆ. ಬಿಳಿ, ಕೆಂಪು, ಹಸಿರು ಮೂರೇ ಸಾಕು. ಮಕ್ಕಳ ಕೈಗೆ ಆರು ಬಣ್ಣ ಕೊಟ್ಟರೆ ಎಲ್ಲವೂ ಸೇರಿ ಕಂದಾಗುತ್ತವೆ. ಬಣ್ಣದ ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರಲಿ. ಮಿನುಗು ಪುಡಿ ಕೊಳ್ಳುವಾಗ ಇನ್ನೂ ಎಚ್ಚರ ಬೇಕು. ವಿಷಕಾರಿಯಲ್ಲ ಎಂದಷ್ಟೇ ಬರೆದಿದ್ದರೆ ಅದು ತಿನ್ನಲು ಎಂದಲ್ಲ. ತಿನ್ನಬಹುದಾದದ್ದಕ್ಕೆ ಪದಾರ್ಥಗಳ ಪಟ್ಟಿ ಇರುತ್ತದೆ. ಬೆಳ್ಳಿ ಬಣ್ಣದ ಗಟ್ಟಿ ಮಣಿಗಳು ಐದು ವರ್ಷದೊಳಗಿನವರಿಗೆ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳಬಹುದು.

## 8. ಅಲಂಕಾರ

ಪ್ರತಿ ಮಗುವಿಗೂ ಒಂದು ತಟ್ಟೆ, ನಾಲ್ಕು ಕುಕೀ, ಒಂದು ಒದ್ದೆ ಬಟ್ಟೆ. ಎಲ್ಲವನ್ನೂ ನಡುವೆ ರಾಶಿ ಹಾಕಿದರೆ ಜಗಳ ಖಚಿತ.

ಅತಿ ಸಣ್ಣವರಿಗೆ ಸುಲಭದ ದಾರಿ ಅದ್ದುವುದು. ಅಗಲ ತಟ್ಟೆಯಲ್ಲಿ ಐಸಿಂಗ್ ಹರಡಿ, ಕುಕೀಯ ಮುಖ ಅದ್ದಿ, ಎತ್ತಿ ಐದು ಎಣಿಸುವವರೆಗೆ ಸೋರಲು ಬಿಟ್ಟು, ಮಗುಚಿ ಇಡುವುದು. ತಕ್ಷಣ ಮಣಿ ಉದುರಿಸಬೇಕು. ಎರಡು ನಿಮಿಷ ತಡವಾದರೆ ಮೇಲೆ ಪೊರೆ ಕಟ್ಟಿ ಮಣಿ ಅಂಟುವುದಿಲ್ಲ.

ಆರು ದಾಟಿದವರಿಗೆ ಸಣ್ಣ ಮೂತಿಯ ಸಾಸ್ ಬಾಟಲಿ ಪೈಪಿಂಗ್ ಬ್ಯಾಗಿಗಿಂತ ಮೇಲು. ಹಿಂದಿನಿಂದ ಸೋರುವುದಿಲ್ಲ. ಮೊದಲು ಅಂಚಿನಿಂದ ಮೂರು ಮಿಲಿಮೀಟರ್ ಒಳಗೆ ಗೆರೆ ಹಾಕಿಸಿ, ಐದು ನಿಮಿಷ ಬಿಟ್ಟು ಒಳಗೆ ತುಂಬಿಸಿ, ಟೂತ್‌ಪಿಕ್‌ನಿಂದ ಮೂಲೆಗಳಿಗೆ ಎಳೆಯಲು ಹೇಳಿ. ಗುಳ್ಳೆ ಕಂಡರೆ ಅದೇ ಕಡ್ಡಿಯಿಂದ ಚುಚ್ಚಿ. ದೊಡ್ಡ ಮಕ್ಕಳಿಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಮೆಹಂದಿ ಕೋನ್ ಸುತ್ತುವ ಹಾಗೆಯೇ ಸುತ್ತಿ ಕೊಡಿ, ಅರ್ಧ ಮಾತ್ರ ತುಂಬಿ. ಮೆಹಂದಿ ಹಾಕಿ ಅಭ್ಯಾಸವಿರುವ ಹುಡುಗಿಯರು ಹಿಮದ ಹರಳಿನ ವಿನ್ಯಾಸವನ್ನು ಮೊದಲ ಸಲಕ್ಕೇ ಚೆನ್ನಾಗಿ ಎಳೆಯುತ್ತಾರೆ.

ಒಂದರ ಮೇಲೊಂದು ಬಣ್ಣ ಬೇಕಾದರೆ ಕೆಳಗಿನದು ಒಣಗಬೇಕು. ಹಸಿ ಬಿಳಿಯ ಮೇಲೆ ಕೆಂಪು ಇಟ್ಟರೆ ಬೆಳಗಾಗುವಷ್ಟರಲ್ಲಿ ಗುಲಾಬಿಯ ಕಲೆಯಾಗಿ ಹರಡಿರುತ್ತದೆ.

## 9. ಒಣಗಿಸಿ ಎತ್ತಿಡುವುದು

ಫ್ಯಾನ್ ಕೆಳಗೆ ಒಂದೇ ಪದರದಲ್ಲಿ ಹರಡಿ. ಮೆರಿಂಗ್ ಐಸಿಂಗಿಗೆ 8ರಿಂದ 12 ಗಂಟೆ, ನಿಂಬೆಯದಕ್ಕೆ 24 ಗಂಟೆ. ಕರಾವಳಿಯಲ್ಲಿ ಇನ್ನೂ ಕೆಲವು ಗಂಟೆ ಸೇರಿಸಿ. ಬೇಗ ಒಣಗಲೆಂದು ಫ್ರಿಜ್‌ಗೆ ಇಡಬೇಡಿ. ಹೊರತೆಗೆದಾಗ ಗಾಳಿಯ ತೇವ ತಣ್ಣನೆಯ ಐಸಿಂಗ್ ಮೇಲೆ ಹನಿಗಟ್ಟಿ ಬಣ್ಣ ಕರಗಿ ಹರಿಯುತ್ತದೆ. ಇರುವೆಗಳಿಗೆ ಹಳೆಯ ಉಪಾಯವೇ ಸರಿ: ಅಗಲ ತಟ್ಟೆಯಲ್ಲಿ ನೀರು ಹಾಕಿ, ನಡುವೆ ಬಟ್ಟಲು ಬೋರಲು ಹಾಕಿ, ಅದರ ಮೇಲೆ ಕುಕೀಯ ಟ್ರೇ ಇಡಿ. ಮರಕ್ಕೆ ತೂಗುಹಾಕಿದ ಕುಕೀಗೆ ಈ ರಕ್ಷಣೆ ಇಲ್ಲ. ಹಬ್ಬದ ದಿನ ಬೆಳಿಗ್ಗೆ ಕಟ್ಟಿ ಸಂಜೆಗೆ ಇಳಿಸಿಬಿಡಿ.

ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಗುರುತು ಬೀಳದಿದ್ದರೆ ಒಣಗಿದೆ. ಸ್ಟೀಲ್ ಡಬ್ಬಿಯಲ್ಲಿ ಪದರದ ನಡುವೆ ಕಾಗದ ಹಾಕಿ ಜೋಡಿಸಿ. ಒಂದು ವಾರ ಚೆನ್ನಾಗಿರುತ್ತವೆ. ಅಲಂಕಾರವಿಲ್ಲದ ಕುಕೀ ಎರಡು ವಾರ ಬರುತ್ತದೆ, ಹಾಗಾಗಿ ಡಿಸೆಂಬರ್ 15ರ ಸುಮಾರಿಗೆ ಬೇಯಿಸಿಟ್ಟು 22 ಅಥವಾ 23ಕ್ಕೆ ಅಲಂಕರಿಸಬಹುದು. ಮಂಗಳೂರಿನ ಕಡೆ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳ) ತಟ್ಟೆ ಹಂಚುವ ಮನೆಗಳಿಗೆ ಈ ಲೆಕ್ಕ ಅನುಕೂಲ. ಕಿಡಿಯೊ, ನೆವ್ರಿಯಂಥ ಕರಿದ ತಿಂಡಿಗಳ ಎಣ್ಣೆ ಕೆಲಸ ಮುಗಿದ ಮೇಲೆ ಅಲಂಕಾರಕ್ಕೆ ಕೂರಬಹುದು. ಹಂಚುವಾಗ ಕುಕೀಯನ್ನು ಬೇರೆ ಪೊಟ್ಟಣದಲ್ಲಿ ಹಾಕಿ, ಕರಿದ ತಿಂಡಿಯ ಎಣ್ಣೆ ತಾಗಿದರೆ ಐಸಿಂಗ್ ಮೇಲೆ ಹಳದಿ ಕಲೆ ಬೀಳುತ್ತದೆ. ಪೊಟ್ಟಣದ ಮೇಲೆ ಮೈದಾ, ಹಾಲು, ಮೊಟ್ಟೆ, ಗೋಡಂಬಿ ಇವುಗಳಲ್ಲಿ ಏನೇನಿದೆ ಎಂದು ಬರೆಯಿರಿ. ಅಲರ್ಜಿ ಇರುವ ಮಗು ಯಾವ ಮನೆಯಲ್ಲಿದೆಯೋ ಕೊಡುವವರಿಗೆ ಗೊತ್ತಿರುವುದಿಲ್ಲ. ಆ ಚೀಟಿ ಬರೆಯುವ ಕೆಲಸವನ್ನು ಅಕ್ಷರ ಬಲ್ಲ ದೊಡ್ಡ ಮಗುವಿಗೇ ವಹಿಸಿ.